ಸಂಶೋಧನಾ ಪ್ರಯೋಗಾಲಯದಲ್ಲಿ ಕೈ ಹಾಕುವ ಮೊದಲು: ಕಾಸರಗೋಡಿನ ವಿದ್ಯಾರ್ಥಿಗಳಿಗೆ ಸುರಕ್ಷತೆಯ ಮಾರ್ಗದರ್ಶಿ

ಅಡಿಕೆ ತೋಟವಿರುವ ಮನೆಯಲ್ಲಿ ಬೆಳೆದವರಿಗೆ ಮದ್ದು ಬಿಡುವ ದಿನದ ಶಿಸ್ತು ನೆನಪಿರುತ್ತದೆ. ಕೊಳೆರೋಗ ಬಾರದಿರಲೆಂದು ಬೋರ್ಡೋ ದ್ರಾವಣ ತಯಾರಿಸುವಾಗ ಒಂದು ಕಿಲೋ ಮೈಲುತುತ್ತನ್ನು ಒಂದು ಪಾತ್ರೆಯಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದರಲ್ಲಿ ಬೇರೆ ಬೇರೆಯಾಗಿ ಕಲಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಿಗೆ ಹೊಯ್ಯಬಾರದು ಎಂದು ಹಿರಿಯರು ಪ್ರತಿ ವರ್ಷವೂ ಹೇಳುತ್ತಿದ್ದರು. ಒಟ್ಟು 100 ಲೀಟರ್ ಆದ ಮೇಲೆ ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಯಾವುದನ್ನು ಯಾವುದಕ್ಕೆ ಹೊಯ್ಯಬೇಕು, ಯಾವ ಪಾತ್ರೆಯಲ್ಲಿ, ಸರಿಯಾಯಿತೆಂದು ತಿಳಿಯುವುದು ಹೇಗೆ ಎಂಬ ಮೂರನ್ನೂ ಕೈ ಹಾಕುವ ಮೊದಲೇ ನಿಶ್ಚಯಿಸಿಕೊಳ್ಳುವ ಈ ರೂಢಿಯನ್ನು ಹಾಗೆಯೇ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕೊಂಡೊಯ್ಯಬೇಕೆಂಬುದು ನನ್ನ ಆಗ್ರಹ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಮಂಗಳೂರಿನಲ್ಲೋ ಎಂ.ಎಸ್ಸಿ. ಅಥವಾ ಪಿಎಚ್.ಡಿ. ಆರಂಭಿಸುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಪ್ರಾಯೋಗಿಕ ತರಗತಿಯಲ್ಲಿ ಎಷ್ಟು ಮಿಲಿಲೀಟರ್ ಎಂಬುದನ್ನು ಬೇರೆಯವರು ಅಳೆದು ಕೊಟ್ಟಿರುತ್ತಾರೆ, ಫಲಿತಾಂಶವೂ ಮೊದಲೇ ಗೊತ್ತಿರುತ್ತದೆ. ಸಂಶೋಧನೆಯಲ್ಲಿ ಅಳತೆ ನಿಮ್ಮದೇ, ಮತ್ತು ಮುಂದೇನಾಗುತ್ತದೆಂಬುದು ಕೆಲವೊಮ್ಮೆ ನಿಮ್ಮ ಗೈಡ್‌ಗೂ ತಿಳಿದಿರುವುದಿಲ್ಲ.

ಮೊದಲ ಹೆಜ್ಜೆ: ಜಾಗವನ್ನು ತಿಳಿದುಕೊಳ್ಳಿ

ಮೊದಲ ದಿನ ಯಾವ ಬಾಟಲಿಯನ್ನೂ ಮುಟ್ಟದೆ, ನಿಮ್ಮ ಮೇಜಿನಿಂದ ಹೊರಬಾಗಿಲಿಗೆ, ಎರಡನೆಯ ಬಾಗಿಲಿಗೆ, ತುರ್ತು ಶವರಿಗೆ, ಕಣ್ಣು ತೊಳೆಯುವ ನಲ್ಲಿಗೆ, ಬೆಂಕಿ ಆರಿಸುವ ಉಪಕರಣಕ್ಕೆ, ವಿದ್ಯುತ್ತಿನ ಮುಖ್ಯ ಸ್ವಿಚ್ಚಿಗೆ ಮತ್ತು ಅನಿಲದ ಕವಾಟಕ್ಕೆ ನಡೆದು ನೋಡಿ. ಕಣ್ಣು ತೊಳೆಯುವ ನಲ್ಲಿ ಸುಮಾರು 10 ಸೆಕೆಂಡಿನೊಳಗೆ ತಲುಪುವಷ್ಟು ಹತ್ತಿರವಿರಬೇಕು, ಮತ್ತು ಆ ದಾರಿಯಲ್ಲಿ ಮುಚ್ಚಿದ ಬಾಗಿಲಾಗಲಿ ರಟ್ಟಿನ ಪೆಟ್ಟಿಗೆಗಳಾಗಲಿ ಇರಬಾರದು. ಕಣ್ಣಿಗೆ ಆಮ್ಲ ಬಿದ್ದವರು ಕಣ್ಣು ಬಿಟ್ಟುಕೊಂಡು ದಾರಿ ಹುಡುಕುವುದಿಲ್ಲವಾದ್ದರಿಂದ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಒಮ್ಮೆ ಕಣ್ಣು ಮುಚ್ಚಿ ಅಲ್ಲಿಗೆ ಹೋಗಿ ಅಭ್ಯಾಸ ಮಾಡಿ.

ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಮುರಕಲ್ಲಿನ ಗುಡ್ಡೆಗಳ ಮೇಲೆ ಮಾರ್ಚ್ ಕಳೆದರೆ ನೀರಿನ ಬರ ಆರಂಭವಾಗುತ್ತದೆ, ಟ್ಯಾಂಕ್ ಬರಿದಾದ ದಿನ ತುರ್ತು ಶವರ್ ಕೇವಲ ಗೋಡೆಗೆ ಸಿಕ್ಕಿಸಿದ ಕೊಳವೆಯಾಗಿರುತ್ತದೆ. ಆದ್ದರಿಂದ ಪ್ರತಿದಿನ ಕೆಲಸ ಆರಂಭಿಸುವ ಮೊದಲು ನಲ್ಲಿಯನ್ನು ತಿರುಗಿಸಿ ನೀರು ಬರುತ್ತಿದೆಯೇ ನೋಡಿ, ಬೇಸಗೆಯಲ್ಲಿ ಮುಚ್ಚಳವಿರುವ ಎರಡು ಮೂರು ಕ್ಯಾನ್ ಶುದ್ಧ ನೀರನ್ನು ಕೈಗೆಟಕುವಲ್ಲಿ ತುಂಬಿಸಿಡಿ. ನೀರಿಲ್ಲದ ದಿನ ಆಮ್ಲದ ಕೆಲಸವನ್ನೂ ಆವಿಯನ್ನು ನೀರಿನಿಂದ ತಣಿಸುವ ಕಂಡೆನ್ಸರ್ ಬೇಕಾದ ಕೆಲಸವನ್ನೂ ಮುಂದೂಡುವುದೇ ಸರಿ. ಇದಕ್ಕೆ ಯಾರಾದರೂ ಆಕ್ಷೇಪಿಸಿದರೆ ಕಾರಣವನ್ನು ಸ್ಪಷ್ಟವಾಗಿ ಹೇಳಿ.

ಎರಡನೆಯ ಹೆಜ್ಜೆ: ಬಳಸುವ ವಸ್ತುವಿನ ಬಗ್ಗೆ ಒಂದು ಪುಟ ಕನ್ನಡದಲ್ಲಿ ಬರೆಯಿರಿ

ಪ್ರತಿಯೊಂದು ರಾಸಾಯನಿಕಕ್ಕೂ ತಯಾರಕರು ಸುರಕ್ಷತಾ ಮಾಹಿತಿ ಪತ್ರವನ್ನು ಕೊಡುತ್ತಾರೆ, ಅದರಲ್ಲಿ 16 ವಿಭಾಗಗಳಿರುತ್ತವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ನಾಲ್ಕನೆಯದು ಪ್ರಥಮ ಚಿಕಿತ್ಸೆ, ಐದನೆಯದು ಬೆಂಕಿ, ಆರನೆಯದು ಚೆಲ್ಲಿದಾಗ ಮಾಡಬೇಕಾದದ್ದು, ಏಳನೆಯದು ಬಳಕೆ ಮತ್ತು ದಾಸ್ತಾನು, ಎಂಟನೆಯದು ಮೈಗೆ ತೊಡಬೇಕಾದ ರಕ್ಷಣೆ, ಹತ್ತನೆಯದು ಯಾವುದರೊಂದಿಗೆ ಸೇರಬಾರದು ಎಂಬ ವಿವರ. ಈ ಆರನ್ನು ಓದಿ ನಿಮ್ಮ ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಿಮ್ಮ ಮಾತಿನಲ್ಲೇ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ನಕಲು ಮಾಡಿದ್ದು ಅರ್ಥವಾಗದಿದ್ದರೂ ಪುಟ ತುಂಬುತ್ತದೆ. ಕನ್ನಡದಲ್ಲಿ ಬರೆಯಹೊರಟಾಗ ಅರ್ಥವಾಗದ್ದು ತಾನಾಗಿ ಗೊತ್ತಾಗುತ್ತದೆ, ಅಲ್ಲೇ ನಿಂತು ಗೈಡ್ ಅನ್ನೋ ಹಿರಿಯ ಸಂಶೋಧಕರನ್ನೋ ಕೇಳಬೇಕಾಗುತ್ತದೆ.

ಹೈಡ್ರೋಫ್ಲೋರಿಕ್ ಆಮ್ಲದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗಾಜನ್ನು ಅಥವಾ ಸಿಲಿಕಾನ್ ಮೇಲ್ಮೈಯನ್ನು ಕೊರೆಯಲು ಇದನ್ನು ಬಳಸುತ್ತಾರೆ. ಗಾಜನ್ನೇ ತಿನ್ನುವುದರಿಂದ ಇದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಲಾಗುತ್ತದೆ, ನೋಡಲು ನೀರಿನಂತೆಯೇ ಇರುತ್ತದೆ. ಕಡಿಮೆ ಸಾಂದ್ರತೆಯದು ಚರ್ಮಕ್ಕೆ ಬಿದ್ದರೆ ಕೆಲವು ಗಂಟೆಗಳವರೆಗೆ ನೋವೇ ಕಾಣಿಸದಿರಬಹುದು. ಆ ಹೊತ್ತಿನಲ್ಲಿ ಫ್ಲೋರೈಡ್ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಹಾಕುತ್ತದೆ, ಅದರಿಂದ ಹೃದಯದ ಬಡಿತವೇ ಏರುಪೇರಾಗಬಹುದು. ಇದರ ಪುಟದಲ್ಲಿ ನೀವು ಬರೆಯಬೇಕಾದದ್ದು ಹೀಗಿರುತ್ತದೆ: ‘ಕೂಡಲೇ ನೀರಿನಲ್ಲಿ ತೊಳೆಯುವುದು, 2.5 ಪ್ರತಿಶತ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ ಉಜ್ಜುತ್ತಲೇ ಇರುವುದು, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗುವುದು. ಜೆಲ್ ಎಲ್ಲಿದೆ? ಅವಧಿ ಮುಗಿದಿಲ್ಲವಷ್ಟೆ?’ ಜೆಲ್ ಲ್ಯಾಬಿನಲ್ಲಿ ಇಲ್ಲವೆಂದಾದರೆ ಆ ಆಮ್ಲದ ಬಾಟಲಿ ತೆರೆಯಬಾರದು. ಈ ಒಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಭಾಷೆಯ ಇನ್ನೊಂದು ತೊಡಕನ್ನೂ ಇಲ್ಲಿಯೇ ಹೇಳಬೇಕು. ಮಲಯಾಳ ಮಾತನಾಡಲು ಬರುವ ನಮ್ಮಲ್ಲಿ ಅನೇಕರಿಗೆ ಅದರ ಲಿಪಿ ಓದಲು ಬರುವುದಿಲ್ಲ. ಘಟ್ಟದ ಮೇಲಿನಿಂದ ಬಂದವರಿಗೆ ಮಾತೂ ತಿಳಿಯದು. ಗೋಡೆಯ ಮೇಲಿನ ಎಚ್ಚರಿಕೆಯನ್ನು ಒಬ್ಬರಿಂದ ಓದಿಸಿಕೊಂಡು ಕೆಳಗೆ ಕನ್ನಡದಲ್ಲಿ ಬರೆದು ಅಂಟಿಸಲು ಅನುಮತಿ ಕೇಳಿ, ಮತ್ತು ‘ತೀ’ ಎಂದರೆ ಬೆಂಕಿ, ‘ವೆಳ್ಳಂ’ ಎಂದರೆ ನೀರು, ‘ತೊಡರುತ್’ ಎಂದರೆ ಮುಟ್ಟಬೇಡ, ‘ಮಾರಿ ನಿಲ್ಕ್’ ಎಂದರೆ ಆಚೆ ನಿಲ್ಲು ಎಂಬಿಷ್ಟನ್ನಾದರೂ ಎಲ್ಲರಿಗೂ ಕಲಿಸಿ. ಗಾಬರಿಯಲ್ಲಿ ಮನುಷ್ಯರು ತಮ್ಮ ತಾಯಿನುಡಿಯಲ್ಲಿ ಕೂಗುತ್ತಾರೆ.

ಮೂರನೆಯ ಹೆಜ್ಜೆ: ಉಡುಪು, ಪಾದರಕ್ಷೆ, ಕೈಗವಸು

2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬರು ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ಟರ್ಟ್-ಬ್ಯೂಟೈಲ್ ಲಿಥಿಯಂ ಅನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದಾಗ ಸಿರಿಂಜಿನ ಹಿಡಿ ಹೊರಗೆ ಬಂದಿತು. ಅವರು ಲ್ಯಾಬ್ ಕೋಟ್ ತೊಟ್ಟಿರಲಿಲ್ಲ. ಮೈಮೇಲಿದ್ದ ಸಿಂಥೆಟಿಕ್ ಸ್ವೆಟರಿಗೆ ಬೆಂಕಿ ಹಿಡಿಯಿತು. 18 ದಿನಗಳ ನಂತರ ಅವರು ತೀರಿಕೊಂಡರು. ಕರಗಿ ಚರ್ಮಕ್ಕೆ ಅಂಟುವ ಪಾಲಿಯೆಸ್ಟರ್ ಬಟ್ಟೆಗೂ ಹತ್ತಿಗೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು. ಹತ್ತಿಯ ಉದ್ದ ತೋಳಿನ ಕೋಟನ್ನು ಗುಂಡಿ ಹಾಕಿಯೇ ಧರಿಸಿ. ಚೂಡಿದಾರದ ಶಾಲನ್ನು ತೆಗೆದಿಡಿ, ಕೂದಲನ್ನು ಎತ್ತಿ ಕಟ್ಟಿ.

ಮಳೆಗಾಲದಲ್ಲಿ ನಾವೆಲ್ಲ ರಬ್ಬರ್ ಚಪ್ಪಲಿಯಲ್ಲಿ ಬಸ್ ಹಿಡಿಯುವವರೇ. ಒದ್ದೆ ಚಪ್ಪಲಿಯಲ್ಲಿ ಲ್ಯಾಬಿನೊಳಗೆ ನಡೆದರೆ ಜಾರುವ ಭಯವೂ ಇದೆ, ಬಿದ್ದ ಆಮ್ಲ ನೇರವಾಗಿ ಪಾದಕ್ಕೆ ತಾಗುವ ಭಯವೂ ಇದೆ. ಒಂದು ಜೊತೆ ಮುಚ್ಚಿದ ಶೂವನ್ನು ಲ್ಯಾಬಿನಲ್ಲೇ ಇಟ್ಟುಬಿಡಿ.

ಕೈಗವಸಿನ ವಿಷಯದಲ್ಲಿ ಅರಿವು ಎಷ್ಟು ಮುಖ್ಯವೆಂಬುದಕ್ಕೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕರೆನ್ ವೆಟರ್‌ಹಾನ್ ಅವರ ಪ್ರಕರಣವನ್ನು ಎಲ್ಲರೂ ತಿಳಿದಿರಬೇಕು. 1996ರ ಆಗಸ್ಟ್‌ನಲ್ಲಿ ಪಾದರಸದ ಕಡುವಿಷದ ಸಂಯುಕ್ತವಾದ ಡೈಮೀಥೈಲ್ ಮರ್ಕ್ಯುರಿಯ ಒಂದೆರಡು ಹನಿ ಅವರ ಲೇಟೆಕ್ಸ್ ಕೈಗವಸಿನ ಮೇಲೆ ಬಿದ್ದವು. ಅವರು ಆವಿಯನ್ನು ಹೊರಗೆಳೆಯುವ ಗೂಡಾದ ಫ್ಯೂಮ್ ಹುಡ್‌ನಲ್ಲೇ ಕೆಲಸ ಮಾಡುತ್ತಿದ್ದರು, ಆ ಕಾಲದ ನಿಯಮಗಳನ್ನು ಪಾಲಿಸಿದ್ದರು. ಆದರೆ ಆ ದ್ರವ ಲೇಟೆಕ್ಸ್ ಅನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ ಎಂಬುದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಿಂಗಳುಗಳ ನಂತರ ಲಕ್ಷಣಗಳು ಕಾಣಿಸಿಕೊಂಡು 1997ರ ಜೂನ್ 8ರಂದು ಅವರು ನಿಧನರಾದರು. ನೀಲಿ ನೈಟ್ರೈಲ್ ಕೈಗವಸು ಎಲ್ಲದಕ್ಕೂ ಸಾಲುತ್ತದೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಅಸಿಟೋನ್, ಡೈಕ್ಲೋರೋಮೀಥೇನ್‌ಗಳ ಮುಂದೆ ತೆಳ್ಳಗಿನ ನೈಟ್ರೈಲ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಯಾರಕರ ಪಟ್ಟಿಯನ್ನು ನೋಡಿ ಆಯ್ಕೆ ಮಾಡಿ, ಹನಿ ಬಿದ್ದೊಡನೆ ಕಳಚಿ ಬೇರೆಯದನ್ನು ತೊಡಿ, ಕೈಗವಸು ತೊಟ್ಟ ಕೈಯಿಂದ ಬಾಗಿಲ ಹಿಡಿಯನ್ನೂ ಮೊಬೈಲನ್ನೂ ಮುಟ್ಟಬೇಡಿ.

ನಾಲ್ಕನೆಯ ಹೆಜ್ಜೆ: ಫ್ಯೂಮ್ ಹುಡ್ ಮತ್ತು ಕರೆಂಟ್

ಫ್ಯೂಮ್ ಹುಡ್‌ನಲ್ಲಿ ಕೆಲಸವನ್ನು ಅಂಚಿನಿಂದ ಕನಿಷ್ಠ 15 ಸೆಂಟಿಮೀಟರ್ ಒಳಗೆ ಮಾಡಬೇಕು, ಗಾಜಿನ ಬಾಗಿಲನ್ನು ಮುಖಕ್ಕಿಂತ ಕೆಳಗೆ ಇಳಿಸಿರಬೇಕು. ಗಾಳಿ ಎಳೆಯುತ್ತಿದೆಯೇ ಎಂದು ನೋಡಲು ತೆಳ್ಳಗಿನ ಕಾಗದದ ಪಟ್ಟಿಯೊಂದನ್ನು ಬಾಗಿಲಿನ ಕೆಳಗಂಚಿಗೆ ಅಂಟಿಸಿ; ಅದು ಒಳಮುಖವಾಗಿ ಬಾಗಿದರೆ ಹುಡ್ ಕೆಲಸ ಮಾಡುತ್ತಿದೆ. ಹುಡ್ ಅನ್ನು ಬಾಟಲಿಗಳ ಕಪಾಟಾಗಿ ಬಳಸಿದರೆ ಗಾಳಿಯ ದಾರಿ ಕಟ್ಟಿಹೋಗುತ್ತದೆ. ಜೀವಶಾಸ್ತ್ರದವರು ಬಳಸುವ ಬಯೋಸೇಫ್ಟಿ ಕ್ಯಾಬಿನೆಟ್ ನೋಡಲು ಹೀಗೆಯೇ ಇದ್ದರೂ ಅದು ಸೂಕ್ಷ್ಮಜೀವಿಗಳನ್ನು ಸೋಸುವ ಸಾಧನವಾಗಿದ್ದು, ಸಾಮಾನ್ಯವಾಗಿ ಸೋಸಿದ ಗಾಳಿಯನ್ನು ಕೋಣೆಗೇ ಬಿಡುತ್ತದೆ; ದ್ರಾವಕಗಳ ಆವಿಯನ್ನು ಅದರ ಫಿಲ್ಟರ್ ತಡೆಯಲಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡುಗು ಮಳೆಗೆ ಕರೆಂಟ್ ಹೋಗುವುದು ನಮಗೆ ಹೊಸತಲ್ಲ. ಕರೆಂಟ್ ಹೋದ ಕ್ಷಣದಲ್ಲಿ ಹುಡ್ ನಿಲ್ಲುತ್ತದೆ, ಕಂಡೆನ್ಸರಿಗೆ ನೀರು ತಳ್ಳುವ ಪಂಪ್ ನಿಲ್ಲುತ್ತದೆ, ಕಲಕುವ ಯಂತ್ರ ನಿಲ್ಲುತ್ತದೆ. ಬಿಸಿ ಎಣ್ಣೆಯ ಬಾತ್ ಮಾತ್ರ ಬಿಸಿಯಾಗಿಯೇ ಇರುತ್ತದೆ. ಅಂಥ ಸಮಯದಲ್ಲಿ ಫ್ಲಾಸ್ಕನ್ನು ಬಾತ್‌ನಿಂದ ಮೇಲೆತ್ತಬಹುದಾದ ಹಾಗೆ, ಅಂದರೆ ಬಾತ್ ಅನ್ನು ಕೆಳಗಿಳಿಸಬಹುದಾದ ಲ್ಯಾಬ್ ಜ್ಯಾಕ್ ಮೇಲೆ ಮೊದಲೇ ಜೋಡಿಸಿಡಿ. ಕರೆಂಟ್ ಹೋದೊಡನೆ ಬಾತ್ ಅನ್ನು ಕೆಳಗಿಳಿಸಿ, ಹುಡ್‌ನ ಬಾಗಿಲನ್ನು ಪೂರ್ತಿ ಮುಚ್ಚಿ, ಹೀಟರಿನ ಸ್ವಿಚ್ ಆರಿಸಿ, ಆವಿ ಬರುವ ಕೆಲಸವಿದ್ದರೆ ಕೋಣೆಯಿಂದ ಹೊರಗೆ ಬನ್ನಿ. ಕರೆಂಟ್ ಮರಳಿದಾಗ ಹೀಟರ್ ತಾನಾಗಿ ಚಾಲೂ ಆಗದಂತೆ ಆರಿಸಿರುವುದು ಬಹಳ ಮುಖ್ಯ. ಸಂಜೆ ಮೋಡ ಕವಿದಿದ್ದರೆ ರಾತ್ರಿಯಿಡೀ ಕುದಿಸುವ ಪ್ರಯೋಗವನ್ನು ಕಾವಲಿಲ್ಲದೆ ಬಿಟ್ಟು ಹೋಗಬೇಡಿ.

ಐದನೆಯ ಹೆಜ್ಜೆ: ಹೆಚ್ಚು ಅಪಾಯದ ಕೆಲವು ವಸ್ತುಗಳು

ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಸಲ್ಫ್ಯೂರಿಕ್ ಆಮ್ಲದ ಮೇಲೆ ಬಿದ್ದ ನೀರು ಅಲ್ಲೇ ಕುದಿದು ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ. ಪಿಪೆಟ್ಟನ್ನು ಬಾಯಿಯಿಂದ ಎಂದೂ ಎಳೆಯಬಾರದು.

ಡೈಈಥೈಲ್ ಈಥರ್ ನಮ್ಮ ಹವೆಗೆ ಹೊಂದದ ದ್ರಾವಕ. ಅದರ ಕುದಿಬಿಂದು 34.6 ಡಿಗ್ರಿ ಸೆಲ್ಸಿಯಸ್, ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕೋಣೆಯ ಉಷ್ಣತೆಯೂ ಅಲ್ಲಿಗೇ ಬಂದು ಮುಟ್ಟುತ್ತದೆ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಜಿನ ಮೇಲಿಂದ ಹರಿದು ನೆಲಕ್ಕಿಳಿದು, ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಮನೆಬಳಕೆಯ ಫ್ರಿಜ್ಜಿನೊಳಗೆ ಕಿಡಿ ಹಾರುವ ಸ್ವಿಚ್‌ಗಳಿರುವುದರಿಂದ ಅಲ್ಲಿ ಇಡಬೇಡಿ. ಈಥರ್ ಮತ್ತು ಟೆಟ್ರಾಹೈಡ್ರೋಫ್ಯೂರಾನ್ ಗಾಳಿಯ ಸಂಪರ್ಕದಲ್ಲಿ ಸ್ಫೋಟಕ ಪೆರಾಕ್ಸೈಡ್‌ಗಳಾಗಿ ಬದಲಾಗುತ್ತವೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ, ಪರೀಕ್ಷಾ ಪಟ್ಟಿಯಿಂದ ಆಗಾಗ ನೋಡಿ, ಮತ್ತು ಮುಚ್ಚಳದ ಸುತ್ತ ಬಿಳಿ ಹರಳು ಕಂಡ ಹಳೆಯ ಬಾಟಲಿಯನ್ನು ತಿರುಗಿಸಲು ಹೋಗದೆ ಇದ್ದಲ್ಲೇ ಬಿಟ್ಟು ಹೊಣೆ ಹೊತ್ತವರಿಗೆ ತಿಳಿಸಿ.

ದ್ರವ ನೈಟ್ರೋಜನ್ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ, ಒಂದು ಲೀಟರ್ ಸುಮಾರು 700 ಲೀಟರ್ ಅನಿಲವಾಗುತ್ತದೆ. ಚಿಕ್ಕ ಕೋಣೆಯಲ್ಲಿ ಅದು ಆಮ್ಲಜನಕವನ್ನು ಹೊರದೂಡಿದರೆ ಉಸಿರು ಕಟ್ಟುವ ಸೂಚನೆಯೇ ಇಲ್ಲದೆ ಮನುಷ್ಯ ಕುಸಿಯುತ್ತಾನೆ. ಅದರ ಪಾತ್ರೆಯೊಂದಿಗೆ ಲಿಫ್ಟ್‌ನಲ್ಲಿ ಹೋಗಬೇಡಿ. ಪಾತ್ರೆಯನ್ನು ಮಾತ್ರ ಕಳುಹಿಸಿ, ಇನ್ನೊಬ್ಬರು ಮೇಲೆ ನಿಂತು ತೆಗೆದುಕೊಳ್ಳಲಿ.

2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಅನಿಲ ಸಿಲಿಂಡರಿಗೆ ಸಂಬಂಧಿಸಿದ ಸ್ಫೋಟದಲ್ಲಿ ಒಬ್ಬ ಸಂಶೋಧಕರು ಸತ್ತು ಮೂವರು ಗಾಯಗೊಂಡರು. ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಕಟ್ಟಿ, ಸಾಗಿಸುವಾಗ ಕವಾಟದ ಟೊಪ್ಪಿಯನ್ನು ಹಾಕಿ, ನೆಲದ ಮೇಲೆ ಉರುಳಿಸದೆ ಟ್ರಾಲಿಯಲ್ಲಿ ಒಯ್ಯಿರಿ. ರೆಗ್ಯುಲೇಟರ್ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಆಮ್ಲಜನಕದ ರೆಗ್ಯುಲೇಟರಿಗೆ ಎಣ್ಣೆಯ ಕೈ ತಾಗಬಾರದು.

ಪ್ರಮಾಣವನ್ನು ಹೆಚ್ಚಿಸುವ ನಿರ್ಧಾರವನ್ನು ಒಬ್ಬರೇ ತೆಗೆದುಕೊಳ್ಳಬೇಡಿ. 2010ರಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ 100 ಮಿಲಿಗ್ರಾಂ ಮೀರಬಾರದೆಂದಿದ್ದ ಸ್ಫೋಟಕ ಸಂಯುಕ್ತವನ್ನು ಸುಮಾರು 10 ಗ್ರಾಂ ತಯಾರಿಸಿ ಅರೆಯುತ್ತಿದ್ದಾಗ ಸ್ಫೋಟವಾಗಿ ವಿದ್ಯಾರ್ಥಿಯೊಬ್ಬ ಮೂರು ಬೆರಳುಗಳನ್ನು ಕಳೆದುಕೊಂಡ.

ಆರನೆಯ ಹೆಜ್ಜೆ: ತ್ಯಾಜ್ಯ

ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಒಂದು ಸಂಜೆ ಗಾಜಿನ ಸಾಮಾನು ತೊಳೆದ ಮೆಥನಾಲನ್ನು ಸಿಂಕಿನ ಕೆಳಗಿದ್ದ ಕಂದು ಬಾಟಲಿಗೆ ಹೊಯ್ದು, ಮುಚ್ಚಳ ಬಿಗಿದು, ಚಹಾ ಕುಡಿಯಲು ಹೋದೆ. ಬಾಟಲಿಯ ಮೇಲೆ ‘ತ್ಯಾಜ್ಯ’ ಎಂದಷ್ಟೇ ಬರೆದಿತ್ತು, ಅದೂ ನೀರು ತಾಗಿ ಅರ್ಧ ಅಳಿಸಿತ್ತು. ಅದರಲ್ಲಿ ಮೊದಲೇ ನೈಟ್ರಿಕ್ ಆಮ್ಲವಿದ್ದದ್ದು ನನಗೆ ತಿಳಿದಿರಲಿಲ್ಲ. ಮರಳಿ ಬರುವಾಗ ಬಾಗಿಲಿನ ಗಾಜಿನ ಆಚೆ ಕಿತ್ತಳೆಗೆಂಪು ಹೊಗೆ ತುಂಬಿತ್ತು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ಕಿತ್ತು ಎದುರಿನ ಗೋಡೆಗೆ ಒರಗಿತ್ತು, ಗಾಜಿನ ಚೂರುಗಳು ನಾನು ದಿನವೂ ಕೂರುವ ಸ್ಟೂಲಿನ ರೆಗ್ಜಿನ್‌ನಲ್ಲಿ ನಾಟಿದ್ದವು. ಚಹಾ ಅಂದು ಬೇಡವೆನಿಸಿದ್ದರೆ ನಾನು ಆ ಸ್ಟೂಲಿನ ಮೇಲಿರುತ್ತಿದ್ದೆ.

ಆದ್ದರಿಂದ ಆಮ್ಲ, ಕ್ಷಾರ, ಹ್ಯಾಲೋಜನ್ ಇರುವ ದ್ರಾವಕ, ಹ್ಯಾಲೋಜನ್ ಇಲ್ಲದ ದ್ರಾವಕ, ಭಾರಲೋಹ ಇವುಗಳಿಗೆ ಬೇರೆ ಬೇರೆ ಬಾಟಲಿಗಳಿರಲಿ; ನೈಟ್ರಿಕ್ ಆಮ್ಲಕ್ಕಂತೂ ಪ್ರತ್ಯೇಕವಾದದ್ದೇ ಇರಲಿ. ಬಾಟಲಿಯಲ್ಲಿ ಏನಿದೆ, ಎಷ್ಟು, ಯಾರು, ಯಾವ ದಿನ ಹಾಕಿದರೆಂದು ಅಳಿಸದ ಶಾಯಿಯಲ್ಲಿ ಬರೆಯಿರಿ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಕುಡಿಯುವ ನೀರಿನ ಬಾಟಲಿಗೆ ರಾಸಾಯನಿಕ ತುಂಬುವ ಅಭ್ಯಾಸವನ್ನು, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲವನ್ನು ಹಾಗೆ ಇಟ್ಟುಕೊಳ್ಳುವ ಮನೆಗಳಲ್ಲಿ ನೋಡಿದ್ದೇನೆ. ಅದು ಲ್ಯಾಬಿಗೂ ಬರಬಾರದು, ಮನೆಯಲ್ಲೂ ಇರಬಾರದು. ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಗಟ್ಟಿ ಡಬ್ಬಕ್ಕೆ ಹಾಕಿ. ಸೂಕ್ಷ್ಮಜೀವಿಗಳ ತಟ್ಟೆಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ನಿರ್ಜೀವಗೊಳಿಸಿಯೇ ಹೊರಗೆ ಕಳುಹಿಸಿ.

ಸಿಂಕಿಗೆ ಸುರಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಮುರಕಲ್ಲು ತೂತು ತೂತಾದ ಕಲ್ಲು. ಗುಡ್ಡೆಯ ಮೇಲೆ ಚೆಲ್ಲಿದ ನೀರು ಕೆಳಗಿನ ಬಾವಿಗೋ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಕ್ಕೋ ಇಳಿಯುತ್ತದೆ. ಎರಡು ದಶಕಗಳಿಗೂ ಹೆಚ್ಚು ಕಾಲ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ಎಣ್ಮಕಜೆಯಂಥ ಊರುಗಳಲ್ಲಿ ಏನು ಉಳಿಸಿತೆಂಬುದನ್ನು ಕಂಡ ಮೇಲೆ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆದ ಮೇಲೆ, ಈ ನೆಲದ ವಿದ್ಯಾರ್ಥಿಯೊಬ್ಬರು ಕ್ರೋಮಿಯಂ ದ್ರಾವಣವನ್ನು ನಲ್ಲಿ ಬಿಟ್ಟು ತೊಳೆದು ಕಳುಹಿಸುವುದನ್ನು ನೋಡುವುದು ನನಗೆ ಬಹಳ ಕಷ್ಟ.

ಏಳನೆಯ ಹೆಜ್ಜೆ: ಅವಘಡವಾದಾಗ

ಒಬ್ಬರೇ ಇರುವಾಗ ಅಪಾಯದ ಕೆಲಸ ಮಾಡಬೇಡಿ. ಕೊನೆಯ ಬಸ್ಸಿಗೆ ಹೊರಡುವ ಆತುರದಲ್ಲಿಯೂ ಮಾಡಬೇಡಿ.

ರಾಸಾಯನಿಕ ಮೈಗೆ ಬಿದ್ದರೆ ತಡಮಾಡದೆ ನೀರಿನ ಕೆಳಗೆ ನಿಂತು, ನೆನೆದ ಬಟ್ಟೆಯನ್ನು ಕಳಚಿ, ಗಡಿಯಾರ ನೋಡಿಕೊಂಡು ಕನಿಷ್ಠ 15 ನಿಮಿಷ ತೊಳೆಯಬೇಕು. ಬಟ್ಟೆ ಕಳಚಲು ಸಂಕೋಚಪಟ್ಟು ಗಾಯ ಆಳವಾದದ್ದನ್ನು ಕೇಳಿದ್ದೇನೆ. ಶವರಿನ ಬಳಿ ಒಂದು ಪರದೆ ಮತ್ತು ಹಳೆಯ ಪಂಚೆಯೋ ಬೆಡ್‌ಶೀಟೋ ಇಟ್ಟರೆ ಈ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ಆಮ್ಲ ಬಿದ್ದಲ್ಲಿಗೆ ಸೋಡಾ ಹಚ್ಚುವ ಪ್ರಯತ್ನ ಬೇಡ, ಅದರ ಶಾಖವೇ ಮತ್ತಷ್ಟು ಸುಡುತ್ತದೆ. ಕಣ್ಣಿಗೆ ಬಿದ್ದರೆ ಎರಡೂ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ತೊಳೆಯಿರಿ. ಕ್ಷಾರವು ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ವೀಳ್ಯದ ಸುಣ್ಣ ಮಗುವಿನ ಕಣ್ಣಿಗೆ ಬಿದ್ದ ಮನೆಯವರಿಗೆ ಇದು ಗೊತ್ತು. ರಾಸಾಯನಿಕ ನುಂಗಿದವರಿಗೆ ವಾಂತಿ ಮಾಡಿಸಬೇಡಿ.

ಬೀಕರಿನೊಳಗಿನ ಬೆಂಕಿಯನ್ನು ವಾಚ್ ಗ್ಲಾಸ್ ಮುಚ್ಚಿ ನಂದಿಸಬಹುದು. ಉಪಕರಣ ಬಳಸುವುದಾದರೆ ಪಿನ್ ಎಳೆದು, ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಅತ್ತಿತ್ತ ಬೀಸಬೇಕು; ಹಿಂದೆ ಬಾಗಿಲು ಇರುವಂತೆ ನಿಲ್ಲಬೇಕು. ಸೋಡಿಯಂ, ಮೆಗ್ನೀಸಿಯಂಗಳ ಬೆಂಕಿಗೆ ನೀರು ಬೇಡ, ಕಾರ್ಬನ್ ಡೈಆಕ್ಸೈಡ್ ಕೂಡ ಬೇಡ. ಅದಕ್ಕೆ ಒಣ ಮರಳಿನ ಬಕೆಟ್ ಇರಲಿ, ಮಳೆಗಾಲದಲ್ಲಿ ಆ ಮರಳು ಒದ್ದೆಯಾಗದಂತೆ ಮುಚ್ಚಿಡಿ. ಬಟ್ಟೆಗೆ ಬೆಂಕಿ ಹಿಡಿದವರು ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು, ಶವರ್ ಎರಡು ಹೆಜ್ಜೆಯಲ್ಲಿದ್ದರೆ ಅದರ ಕೆಳಗೆ ನಿಲ್ಲಬೇಕು.

ಆಂಬುಲೆನ್ಸಿಗೆ 108, ಇತರ ತುರ್ತಿಗೆ 112. ಗಂಭೀರ ಸುಟ್ಟಗಾಯಗಳಿಗೆ ನಮ್ಮವರು ಬಹುಮಟ್ಟಿಗೆ ಮಂಗಳೂರಿಗೋ ಕಣ್ಣೂರು ಜಿಲ್ಲೆಯ ಪರಿಯಾರಕ್ಕೋ ಹೋಗಬೇಕಾಗುತ್ತದೆ, ದಾರಿಯಲ್ಲಿ ಗಂಟೆಗಟ್ಟಲೆ ಹೊತ್ತು ಹಿಡಿಯಬಹುದು. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ದೂರ ಎಷ್ಟು ದೊಡ್ಡದೆಂದು ಜಿಲ್ಲೆಯೇ ಕಂಡಿತು. ಆದ್ದರಿಂದ ಮೊದಲ 15 ನಿಮಿಷದ ತೊಳೆತವನ್ನು ಮುಗಿಸದೆ ವಾಹನ ಹತ್ತಿಸಬೇಡಿ. ಹತ್ತಿಸಿದ ಮೇಲೂ ಕಣ್ಣಿನ ಗಾಯವಾದರೆ ಕ್ಯಾನಿನ ನೀರನ್ನು ದಾರಿಯುದ್ದಕ್ಕೂ ಹೊಯ್ಯುತ್ತಿರಿ. ಜೊತೆಗೆ ಹೋಗುವವರ ಕೈಯಲ್ಲಿ ನೀವು ಬರೆದಿಟ್ಟ ಆ ಕನ್ನಡದ ಪುಟ, ಸುರಕ್ಷತಾ ಮಾಹಿತಿ ಪತ್ರದ ಮುದ್ರಿತ ಪ್ರತಿ ಮತ್ತು ಬಾಟಲಿಯ ಲೇಬಲ್‌ನ ಫೋಟೋ ಇರಲಿ. ಬಾಟಲಿಯನ್ನೇ ಕಾರಿನೊಳಗೆ ತರಬೇಡಿ. ಹೊರಡುವಾಗಲೇ ಆಸ್ಪತ್ರೆಗೆ ಕರೆ ಮಾಡಿ ರಾಸಾಯನಿಕದ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿ, ಅದು ತಾಗಿದ ಸಮಯವನ್ನೂ ತಿಳಿಸಿ.